ಗೊತ್ತಿಲ್ಲದ ಮನೆ, ಗೊತ್ತಿರುವ ಮನೆ: ಎಚ್‌ಐವಿ ಇರುವ ಹೆಣ್ಣುಮಕ್ಕಳ ಬಸಿರಿನ ನಿರ್ಧಾರ

(ಆಶಾ ಕಾರ್ಯಕರ್ತೆಯರು, ಶುಶ್ರೂಷಕಿಯರು ಮತ್ತು ಆಪ್ತಸಮಾಲೋಚಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಲೆಕ್ಕದಿಂದಲೇ ಶುರು ಮಾಡೋಣ. ಎಚ್‌ಐವಿ ಇರುವ ತಾಯಂದಿರು ಯಾವ ಚಿಕಿತ್ಸೆಯೂ ಇಲ್ಲದೆ ಹೆತ್ತು ಹಾಲೂಡಿಸಿದರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ಸೋಂಕು ದಾಟುತ್ತದೆ. ಬಸಿರಿಗೆ ಮೊದಲೇ ಎಆರ್‌ಟಿ (ಎಚ್‌ಐವಿ ವೈರಾಣುವನ್ನು ತಗ್ಗಿಸುವ ಔಷಧಿ ಚಿಕಿತ್ಸೆ) ಶುರುವಾಗಿ, ಬಸಿರು, ಹೆರಿಗೆ, ಹಾಲೂಡಿಸುವ ಕಾಲ ಮುಗಿಯುವವರೆಗೂ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಹತೋಟಿಯಲ್ಲೇ ಉಳಿದರೆ ಅದೇ ಸಂಖ್ಯೆ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯುತ್ತದೆ. ಔಷಧಿಯ ಮಟ್ಟಿಗೆ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಮ್ಮ ಕೊಠಡಿಗೆ ಬರುವ ಹೆಣ್ಣುಮಗಳು ಹೆರಬೇಕೋ ಬೇಡವೋ ಎನ್ನುವುದನ್ನು ಈ ಲೆಕ್ಕ ನೋಡಿ ತೀರ್ಮಾನಿಸುವುದು ಅಪರೂಪ. ಅವಳು ಬರುವಷ್ಟರಲ್ಲಿ ಮನೆ ತೀರ್ಮಾನಿಸಿ ಆಗಿರುತ್ತದೆ.

ಮನೆಯವರ ತಿಳಿವಳಿಕೆ ಯಾವ ಕಾಲದ್ದು ಎನ್ನುವುದನ್ನು ಮೊದಲು ನೋಡಬೇಕು. ನಮ್ಮ ದೇಶದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕಾರ್ಯಕ್ರಮ 2002ರಲ್ಲಿ ಶುರುವಾದಾಗ ಕೈಯಲ್ಲಿ ಇದ್ದದ್ದು ಹೆರಿಗೆ ನೋವಿನಲ್ಲಿ ತಾಯಿಗೆ ಕೊಡುವ ಒಂದೇ ಒಂದು ನೆವಿರಪಿನ್ ಗುಳಿಗೆ ಮತ್ತು ಕೂಸಿಗೆ ಒಂದು ಡೋಸ್ ಸಿರಪ್. ಉಚಿತ ಎಆರ್‌ಟಿ ಬಂದದ್ದು 2004ರ ಏಪ್ರಿಲ್‌ನಲ್ಲಿ. 2014ರಿಂದ ಸೋಂಕಿರುವ ಪ್ರತಿ ಗರ್ಭಿಣಿಗೂ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ ಜೀವನಪೂರ್ತಿ ಚಿಕಿತ್ಸೆ, 2017ರಿಂದ ಸೋಂಕಿರುವ ಎಲ್ಲರಿಗೂ ಚಿಕಿತ್ಸೆ. ಈಗ ಕೊಡುವುದು ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಗುಳಿಗೆ. ನಾವು ಟಿಎಲ್‌ಡಿ ಎನ್ನುತ್ತೇವಲ್ಲ, ಅದು. ಹಳೆಯ ಎಫಾವಿರೆಂಜ್‌ಗಿಂತ ಬೇಗ ವೈರಾಣುವನ್ನು ತಗ್ಗಿಸುತ್ತದೆ. ಹೀಗಾಗಿ ಏಳನೇ ತಿಂಗಳಲ್ಲಿ ಬಂದವರಿಗೂ ಸಮಯ ಮೀರಿತೆಂದು ಹೇಳುವ ಸ್ಥಿತಿ ಇಲ್ಲ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಹಳ್ಳಿಯ ಒಬ್ಬ ಅತ್ತೆಗೆ ನೆನಪಿರುವುದು 2004ಕ್ಕೂ ಹಿಂದಿನ ಸಾವುಗಳು. ಓಣಿಯಲ್ಲಿ ಗಂಡ ಹೋದ, ಆಮೇಲೆ ಕೂಸು ಹೋಯಿತು, ಆಮೇಲೆ ಸೊಸೆ ಹೋದಳು. ಆಕೆ ಆ ನೆನಪಿನ ಮೇಲೆ ಮಾತಾಡುತ್ತಾಳೆ. ಆ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಿದರೆ ಅವರ ಮನೆಯೊಳಗೆ ನಿಮಗೆ ಜಾಗ ಸಿಗುವುದಿಲ್ಲ.

ಈಗ ಮುಖ್ಯ ಮಾತು. ವಿಷಯ ಗೊತ್ತಿಲ್ಲದ ಮನೆ ಸಾಮಾನ್ಯವಾಗಿ ‘ಹೆರು’ ಎನ್ನುತ್ತದೆ. ವಿಷಯ ಗೊತ್ತಿರುವ ಮನೆ ‘ಬೇಡ’ ಎನ್ನುತ್ತದೆ. ಎರಡೂ ಕಡೆ ಅವಳನ್ನು ಕೇಳುವುದು ಕೊನೆಗೆ. ನಮ್ಮ ಕೆಲಸ ಅವಳ ಪರವಾಗಿ ಹೌದು ಅಥವಾ ಅಲ್ಲ ಎನ್ನುವುದಲ್ಲ. ಅವಳ ಮಾತು ಮೊದಲು ಬರುವ ಹಾಗೆ ಅನುಕೂಲ ಮಾಡುವುದು.

ಗೊತ್ತಿಲ್ಲದ ಮನೆ

ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು, “ಇನ್ನಾ ಏನೂ ಇಲ್ಲೇನವಾ?” ಎಂಬ ಪ್ರಶ್ನೆ ಶುರುವಾಗುತ್ತದೆ. ಹರಕೆ, ದೇವರು, ಡಾಕ್ಟರು, ಕೊನೆಗೆ ‘ಇನ್ನೊಂದು ಮದುವಿ’ ಎಂಬ ಮಾತು. ಸೋಂಕನ್ನು ಮುಚ್ಚಿಟ್ಟುಕೊಂಡ ದಂಪತಿಗೆ ಮಗುವಿಲ್ಲದಿರುವುದೇ ಅನುಮಾನಕ್ಕೆ ದಾರಿ. ಬಸಿರಾದರೆ ಪ್ರಶ್ನೆಗಳು ನಿಲ್ಲುತ್ತವೆ. ಹೀಗಾಗಿ ಎಷ್ಟೋ ಬಸಿರುಗಳು ಮಗುವಿನ ಆಸೆಯಷ್ಟೇ ಗುಟ್ಟು ಕಾಪಾಡುವ ಅಗತ್ಯದಿಂದಲೂ ಆಗುತ್ತವೆ. ಇದನ್ನು ಕೇಳಿ ತಿಳಿದುಕೊಳ್ಳದೆ “ನಿನಗೆ ಇಷ್ಟವಿದೆಯಾ?” ಎಂದಷ್ಟೇ ಕೇಳಿದರೆ ‘ಹೌದು’ ಎಂಬ ಉತ್ತರ ಬರುತ್ತದೆ. ಅದರಲ್ಲಿ ಎಷ್ಟು ಇಷ್ಟ, ಎಷ್ಟು ಭಯ ಎಂಬುದು ನಿಮಗೆ ಗೊತ್ತಾಗುವುದಿಲ್ಲ.

ಇಂಥ ಮನೆಯಲ್ಲಿ ಕೆಡುವುದು ಗುಳಿಗೆಯ ವಿಷಯದಲ್ಲಿ. ಸೊಸೆಗೆ ಕೂಡು ಕುಟುಂಬದಲ್ಲಿ ತನ್ನದೇ ಬೀಗ ಹಾಕಿದ ಪೆಟ್ಟಿಗೆ ಇರುವುದಿಲ್ಲ. ಬಸಿರಾದ ಮೇಲೆ ಒಂದು ಅನುಕೂಲ ಒದಗುತ್ತದೆ: ಎಲ್ಲರೂ ಗುಳಿಗೆ ನುಂಗು ಎನ್ನುತ್ತಾರೆ. ಆಗ ಟಿಎಲ್‌ಡಿಯನ್ನು ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗಳ ಜೊತೆ ಒಂದೇ ಚೀಟಿಯಲ್ಲಿ ಕಟ್ಟಿಟ್ಟು ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗುತ್ತಾಳೆ. ತಪ್ಪಾಗುವುದು ಇಲ್ಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಡೊಲುಟೆಗ್ರವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಒಂದು ದಿನವೂ ತಪ್ಪಿಸದೆ ನುಂಗಿದರೂ ವೈರಲ್ ಲೋಡ್ ಇಳಿಯದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಿಯಮ ಹೀಗಿದೆ: ಟಿಎಲ್‌ಡಿಯನ್ನು ಕಬ್ಬಿಣ, ಕ್ಯಾಲ್ಸಿಯಂಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಅಷ್ಟು ಅಂತರ ಆಗದ ಮನೆಯಲ್ಲಿ ಊಟದ ಜೊತೆಗೆ ಒಟ್ಟಿಗೆ ನುಂಗಿದರೆ ನಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ದಿನಕ್ಕೆ ಹೊಂದುವ ಒಂದು ಕ್ರಮವೆಂದರೆ ಬೆಳಗ್ಗೆ ಎದ್ದ ಕೂಡಲೇ 6ಕ್ಕೆ ಟಿಎಲ್‌ಡಿ, ಎಂಟೂವರೆಯ ನಾಷ್ಟಾ ಆದ ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನದ ಊಟದ ನಂತರ ಕಬ್ಬಿಣ, ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ. ಎದೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಔಷಧಿಗೆ ಊಟದ ರಿಯಾಯಿತಿಯೂ ಇಲ್ಲ. ಅದಕ್ಕೆ 2 ಗಂಟೆ, 6 ಗಂಟೆಯ ಅಂತರ ಇರಲೇಬೇಕು.

ಎರಡನೆಯ ತೊಡಕು ಕಾಂಡೋಮ್. ಮಗುವಿಗಾಗಿ ಕಾಯುತ್ತಿರುವ ಮನೆಯಲ್ಲಿ ಕಾಂಡೋಮ್ ಪೊಟ್ಟಣ ಸಿಕ್ಕರೆ ಜಗಳ. ಬೇಗನೆ ಬಸಿರು ಬೇಡ, ವೈರಲ್ ಲೋಡ್ ಇಳಿಯುವ ತನಕ ಸಮಯ ಬೇಕು ಎನ್ನುವವಳಿಗೆ ಮೂರು ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಅಂತರಾ ಚುಚ್ಚುಮದ್ದು ಒಳ್ಳೆಯ ದಾರಿ. ಮನೆಯಲ್ಲಿ ಇಟ್ಟುಕೊಳ್ಳುವುದು ಏನೂ ಇಲ್ಲ. ಡೊಲುಟೆಗ್ರವಿರ್ ಜೊತೆ ಅದಕ್ಕೆ ತಕರಾರೂ ಇಲ್ಲ. ಆದರೆ ಅದು ಸೋಂಕನ್ನು ತಡೆಯುವುದಿಲ್ಲ, ನಿಲ್ಲಿಸಿದ ಮೇಲೆ ಮುಟ್ಟು ಸರಿಹೋಗಿ ಬಸಿರು ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು. ಎರಡನ್ನೂ ಮೊದಲೇ ಹೇಳಿ, ಇಲ್ಲದಿದ್ದರೆ ಆ ತಡಕ್ಕೂ ಅವಳನ್ನೇ ಬೈಯುತ್ತಾರೆ.

ಗೊತ್ತಿರುವ ಮನೆ

ಇಲ್ಲಿ ಒತ್ತಡ ತದ್ವಿರುದ್ಧ, ಮತ್ತು ಅದು ಹೆಚ್ಚಾಗಿ ಪ್ರೀತಿಯ ಹೆಸರಿನಲ್ಲೇ ಬರುತ್ತದೆ. ಅದರಲ್ಲೂ ಗಟ್ಟಿಯಾಗಿ ‘ತೆಗೆಸು’ ಎನ್ನುವವಳು ಎಷ್ಟೋ ಸಲ ಹೆತ್ತ ತಾಯಿಯೇ. “ನೀನೇ ಗುಳಿಗೆ ಮೇಲೆ ಇದ್ದೀ, ನಾಳೆ ಕೂಸನ್ನ ಯಾರು ನೋಡಬೇಕು?” ಎನ್ನುವುದು ಅವಳ ಪ್ರಶ್ನೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ, ಅದಕ್ಕೆ ಉತ್ತರ ಕೊಡಬೇಕು. ಮಗಳು ಒಪ್ಪಿದರೆ ತಾಯಿಯ ಮುಂದೆ ವೈರಲ್ ಲೋಡ್ ವರದಿ ಇಟ್ಟು, ಕಳೆದ ಬಾರಿ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬೆರಳಿಟ್ಟು ತೋರಿಸಿ. ‘ಔಷಧಿ ಇದೆ, ಏನೂ ಆಗುವುದಿಲ್ಲ’ ಎಂಬ ಮಾತಿಗಿಂತ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ. ಗುಳಿಗೆ ನಿಲ್ಲಿಸದೆ ನುಂಗುವವರ ಆಯುಸ್ಸು ಉಳಿದವರ ಆಯುಸ್ಸಿಗೆ ಹತ್ತಿರ ಬಂದಿದೆ ಎನ್ನುವುದನ್ನೂ ಹೇಳಿ.

ಇನ್ನೊಂದು ಒತ್ತಡ ಮಕ್ಕಳಾಗದ ಆಪರೇಷನ್ನಿನದು. ಹೆರಿಗೆ ಟೇಬಲ್ಲಿನ ಮೇಲೆ, ನೋವಿನಲ್ಲಿರುವಾಗ, “ಇವಳಿಗೆ ಇದೇ ಕೊನೆ, ಮಾಡಿಬಿಡಿ” ಎಂದು ಮನೆಯವರು ಹೇಳುವುದು, ಸಿಬ್ಬಂದಿ ಕಾಗದ ಚಾಚುವುದು. ಇದು ನಡೆಯಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇರುವ ಗರ್ಭಿಣಿಗೆ ಅವಳ ತಿಳಿದ ಒಪ್ಪಿಗೆ ಇಲ್ಲದೆ ಗರ್ಭಪಾತವನ್ನಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡುವಂತಿಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ನೋವಿನ ನಡುವೆ ಹಾಕಿಸಿದ ಸಹಿ ತಿಳಿದ ಒಪ್ಪಿಗೆಯಲ್ಲ. ಶಸ್ತ್ರಚಿಕಿತ್ಸೆ ಬೇಕೆಂದರೆ ಗರ್ಭಿಣಿ ತಪಾಸಣೆಯ ದಿನಗಳಲ್ಲೇ ಮಾತಾಡಿ, ಹೆರಿಗೆಯಾದ ಏಳು ದಿನದೊಳಗೆ ಮಾಡಿಸಿಕೊಳ್ಳಬಹುದು. ಗಂಡನ ಸಹಿ ಬೇಕಾಗಿಲ್ಲ. ಗರ್ಭಪಾತಕ್ಕೂ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡ, ಅತ್ತೆ, ತಾಯಿ ಯಾರ ಸಹಿಯನ್ನೂ ಕಾನೂನು ಕೇಳುವುದಿಲ್ಲ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಗರ್ಭಪಾತವನ್ನು ಸಲಹೆ ಮಾಡಬಾರದು. ಅವಳು ಬೇಕೆಂದರೆ ನಿರಾಕರಿಸಲೂ ಬಾರದು.

ಅರ್ಧ ಗೊತ್ತಿರುವ ಮನೆಗಳೇ ಹೆಚ್ಚು ಎನ್ನುವುದನ್ನು ಮರೆಯಬೇಡಿ. ತವರಿಗೆ ಗೊತ್ತು, ಗಂಡನ ಮನೆಗೆ ಗೊತ್ತಿಲ್ಲ. ಅಥವಾ ಅತ್ತೆಗೆ ಮಗನ ಸೋಂಕು ಗೊತ್ತು, ಮುಚ್ಚಿಟ್ಟು ಮದುವೆ ಮಾಡಿದ್ದಾರೆ. ಅಥವಾ ನೆಗೆಣ್ಣಿಗೆ ಮಾತ್ರ ಅನುಮಾನ. ನಮ್ಮಲ್ಲಿ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವುದರಿಂದ ಇನ್ನೊಂದು ಗಂಟು ಸೇರುತ್ತದೆ. ಅತ್ತೆಯೇ ಅಜ್ಜಿ, ತವರೂ ಗಂಡನ ಮನೆಯೂ ಒಂದೇ ನೆಂಟಸ್ತಿಕೆ. ಅಲ್ಲಿ ‘ತವರಿಗೆ ಮಾತ್ರ ಹೇಳು’ ಎಂಬ ಸಲಹೆಗೆ ಅರ್ಥವಿಲ್ಲ. ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ. ಜಗಳವಾದರೆ ಓಡಿಹೋಗಲು ಬೇರೆ ಮನೆಯೂ ಇರುವುದಿಲ್ಲ. ಇಂಥವಳಿಗೆ ಮನೆಯ ಹೊರಗಿನ ಒಬ್ಬ ಗಟ್ಟಿ ಮನುಷ್ಯರನ್ನು, ಸೋಂಕಿತರ ಸಂಘದ ಹಿರಿಯ ಹೆಣ್ಣುಮಗಳೋ ಗೆಳತಿಯೋ, ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೊದಲು ಗೊತ್ತಾದವಳು, ಮೊದಲು ತಂದವಳಲ್ಲ

ಗರ್ಭಿಣಿ ತಪಾಸಣೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತೇವೆ. ಗಂಡಸರಿಗೆ ಅಂಥ ಬಾಗಿಲು ಇಲ್ಲ. ಹಾಗಾಗಿ ಮನೆಯಲ್ಲಿ ಮೊದಲು ಬೆಳಕಿಗೆ ಬರುವುದು ಅವಳ ವರದಿ. “ನಿನ್ನಿಂದನ ನಮ್ಮ ಮಗಗ ಬಂತು” ಎನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಪರೀಕ್ಷೆಯ ದಿನಾಂಕ ಸೋಂಕು ತಗುಲಿದ ದಿನಾಂಕವಲ್ಲ, ಯಾರಿಂದ ಯಾರಿಗೆ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಇದನ್ನು ಫಲಿತಾಂಶ ಹೇಳುವ ಹೊತ್ತಿನಲ್ಲೇ, ಗಂಡ ಬಂದರೆ ಅವನ ಮುಂದೆಯೂ, ಬಿಡಿಸಿ ಹೇಳಬೇಕು. ಸಾಧ್ಯವಾದಲ್ಲಿ ಮೊದಲ ಭೇಟಿಯಲ್ಲೇ ಇಬ್ಬರಿಗೂ ಒಟ್ಟಿಗೆ ಸಮಾಲೋಚನೆ, ಒಟ್ಟಿಗೆ ಪರೀಕ್ಷೆ ಮಾಡಿದರೆ ಈ ದೂರು ಹುಟ್ಟುವುದೇ ಕಡಿಮೆ.

ಆದರೂ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡುವ ಹೊತ್ತು ಇರಲೇಬೇಕು. ತೂಕ ನೋಡುವ ನೆಪ, ರಕ್ತ ತೆಗೆಯುವ ನೆಪ, ಯಾವುದಾದರೂ ಸರಿ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಆಗ ಕೇಳಬೇಕಾದವು ನಾಲ್ಕು: ಮನೆಯಲ್ಲಿ ಯಾರಿಗೆ ಗೊತ್ತು? ಬಸಿರಿನ ಮಾತು ಬಂದಾಗ ಕೊನೆಯ ಮಾತು ಯಾರದು? ದುಡ್ಡು ಯಾರ ಕೈಯಲ್ಲಿದೆ? ನಿನಗೆ ಹುಷಾರಿಲ್ಲದಿದ್ದರೆ ಕೂಸನ್ನು ಎತ್ತಿಕೊಳ್ಳುವವರು ಯಾರು? ಈ ನಾಲ್ಕಕ್ಕೆ ಬೇರೆ ಬೇರೆ ಹೆಸರು ಬಂದರೆ ಮಾತಾಡಬೇಕಾದವರು ಯಾರು ಎನ್ನುವುದು ನಿಮಗೆ ಸಿಕ್ಕಿತು. ನಾಲ್ಕಕ್ಕೂ ಒಂದೇ ಹೆಸರು ಬಂದರೆ, ಆ ಒಬ್ಬರು ಕೈಬಿಟ್ಟರೆ ಏನು ಎಂಬುದನ್ನು ಇವತ್ತೇ ಯೋಚಿಸಬೇಕು.

ಗಂಡನಿಗೆ ಹೇಳುವ ವಿಷಯದಲ್ಲಿ ಕೆಲವರು ಅವಸರ ಮಾಡುತ್ತಾರೆ. 2017ರ ಎಚ್‌ಐವಿ ಕಾಯ್ದೆಯ ಒಂಬತ್ತನೆಯ ಕಲಮು ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಸಂಗಾತಿಗೆ ತಿಳಿಸುವ ಅವಕಾಶ ಕೊಡುತ್ತದೆ. ಆದರೆ ಸಂಗಾತಿಗೆ ನಿಜವಾದ ಅಪಾಯವಿರಬೇಕು, ಅವಳಿಗೆ ಸಮಾಲೋಚನೆ ಆಗಿರಬೇಕು, ಅವಳು ತಾನಾಗಿ ಹೇಳುವುದಿಲ್ಲ ಎಂದು ಖಚಿತವಾಗಿರಬೇಕು, ತಿಳಿಸುತ್ತೇವೆ ಎಂದು ಅವಳಿಗೆ ಮೊದಲೇ ಹೇಳಿರಬೇಕು. ಇಷ್ಟೆಲ್ಲ ಇದ್ದರೂ, ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ ಎಂಬ ನ್ಯಾಯವಾದ ಅಂಜಿಕೆ ಇದ್ದರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ತಿಳಿಸುವಂತಿಲ್ಲ. ಅತ್ತೆ, ಮಾವ, ನಾದಿನಿ ಈ ಕಲಮಿನಲ್ಲಿ ಬರುವುದೇ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು: ನೀವು ಅದೇ ಊರಿನವರು, ಕೆಲವೊಮ್ಮೆ ಅದೇ ಮನೆಯ ನೆಂಟರು. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಒಂದು ಗುರುತು ಕೂಡ ಗುಟ್ಟು ಬಯಲು ಮಾಡುತ್ತದೆ.

ಬಸಿರು ನಿಲ್ಲುವ ಮೊದಲು

ಹೇಳುವುದು ಬಹಳ ಇಲ್ಲ, ಆದರೆ ಸಮಯಕ್ಕೆ ಆಗಬೇಕು. ಆರು ತಿಂಗಳಾದರೂ ಬಿಡದೆ ಎಆರ್‌ಟಿ, ವೈರಾಣು ಪತ್ತೆಯಾಗದ ಮಟ್ಟ, ಕ್ಷಯ, ಸಿಫಿಲಿಸ್, ಹೆಪಟೈಟಿಸ್ ಬಿ ತಪಾಸಣೆ, ಹಿಮೋಗ್ಲೋಬಿನ್, ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಡೊಲುಟೆಗ್ರವಿರ್‌ನಿಂದ ಕೂಸಿನ ಬೆನ್ನುಹುರಿಗೆ ತೊಂದರೆ ಎಂಬ ಸುದ್ದಿ 2018ರಲ್ಲಿ ಬೋಟ್ಸ್ವಾನಾದಿಂದ ಬಂದಿತ್ತು. ಹೆಚ್ಚು ಹೆರಿಗೆಗಳ ಲೆಕ್ಕ ಸಿಕ್ಕ ಮೇಲೆ ಆ ಅನುಮಾನಕ್ಕೆ ಆಧಾರ ಉಳಿಯಲಿಲ್ಲ. ಮೊಬೈಲಿನಲ್ಲಿ ಹಳೆಯ ಸುದ್ದಿ ಓದಿ ಗುಳಿಗೆ ಬಿಡುವವರಿಗೆ ಇದನ್ನು ಹೇಳಿ.

ಒಬ್ಬರಿಗಷ್ಟೇ ಸೋಂಕಿರುವ ದಂಪತಿಯಲ್ಲಿ, ಸೋಂಕಿರುವವರ ವೈರಾಣು ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಮಗುವಿಗಾಗಿ ಕಾಂಡೋಮ್ ಬಿಡುವುದನ್ನು 28 ದಿನದ ಮುಟ್ಟಿನ ಲೆಕ್ಕದಲ್ಲಿ ಸುಮಾರು 11ರಿಂದ 15ನೇ ದಿನಕ್ಕೆ ಸೀಮಿತಗೊಳಿಸಬಹುದು. ಹೆಂಡತಿಗೆ ಸೋಂಕಿದ್ದು ಗಂಡನಿಗೆ ಇಲ್ಲದೆ, ಅವನ ಭಯ ಇನ್ನೂ ಹೋಗಿಲ್ಲವೆಂದರೆ, ವೀರ್ಯವನ್ನು ಶುದ್ಧ ಪಾತ್ರೆಯಲ್ಲಿ ಹಿಡಿದು, ಸೂಜಿ ಇಲ್ಲದ ಸಿರಿಂಜಿನಿಂದ ಅದೇ ದಿನಗಳಲ್ಲಿ ಯೋನಿಯೊಳಗೆ ಬಿಡುವ ಸರಳ ವಿಧಾನವಿದೆ, ಖರ್ಚಿಲ್ಲ. ಗಂಡನಿಗೆ ಸೋಂಕಿದ್ದು ಅವನ ಲೋಡ್ ಇಳಿಯದಿದ್ದರೆ ಕಾಯಬೇಕು. ಹೆಂಡತಿ ಕಾಯಲೊಲ್ಲೆ ಎಂದರೆ, ಸೋಂಕು ತಗುಲದಂತೆ ಅವಳು ಮೊದಲೇ ತೆಗೆದುಕೊಳ್ಳುವ ಮುಂಜಾಗ್ರತೆ ಔಷಧಿಯ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಎರಡು ಹೆಣ್ಣಾದ ಮೇಲೆ ಗಂಡಿಗಾಗಿ ಒತ್ತಾಯಿಸುವ ಮನೆಯಲ್ಲಿ ಈ ಎಚ್ಚರಗಳೆಲ್ಲ ಮೊದಲು ಬಿದ್ದುಹೋಗುತ್ತವೆ. ಅಲ್ಲಿ ಅತ್ತೆಯ ಜೊತೆಗಲ್ಲ, ಗಂಡನ ಜೊತೆ ಕೂತು ಮಾತಾಡುವುದು ಫಲ ಕೊಡುತ್ತದೆ.

ಬಾಣಂತನ

ನಾವು ಅತಿ ಕಡಿಮೆ ಯೋಚಿಸುವ, ಆದರೆ ಅತಿ ಹೆಚ್ಚು ಕೆಡುವ ಜಾಗ ಇದು. ಏಳನೇ ತಿಂಗಳಲ್ಲಿ ಕುಬಸ ಅಥವಾ ಸೀಮಂತ ಮಾಡಿ ತವರಿಗೆ ಕಳಿಸುತ್ತಾರೆ. ಎಆರ್‌ಟಿ ಕೇಂದ್ರ ಇರುವುದು ಗಂಡನ ಊರಿನ ಜಿಲ್ಲೆಯಲ್ಲಿ. 30 ಗುಳಿಗೆಯ ಡಬ್ಬಿ ಮುಗಿಯುತ್ತದೆ, ‘ಅಲ್ಲಿಗೆ ಹೋಗಿ ಬರುತ್ತೇನೆ’ ಎನ್ನಲು ನೆಪ ಇರುವುದಿಲ್ಲ. ಸರಿಯಾಗಿ 32ರಿಂದ 36ನೇ ವಾರದ ನಡುವೆ, ಕೂಸಿನ ಅಪಾಯವನ್ನು ಅಳೆಯುವ ವೈರಲ್ ಲೋಡ್ ಪರೀಕ್ಷೆ ಆಗಬೇಕಾದ ಹೊತ್ತಿನಲ್ಲೇ, ಅವಳು ಎರಡೂ ಕಡೆಯ ಪಟ್ಟಿಯಿಂದ ಕಳೆದುಹೋಗಿರುತ್ತಾಳೆ. ಕುಬಸದ ದಿನ ಯಾವಾಗ ಎಂದು ಐದನೇ ತಿಂಗಳಲ್ಲೇ ಕೇಳಿ. ತವರಿಗೆ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಅಥವಾ ಅದರ ಚಿಕ್ಕ ಶಾಖೆಯಾದ ಲಿಂಕ್ ಎಆರ್‌ಟಿ ಕೇಂದ್ರಕ್ಕೆ ಪತ್ರ, ಪುಸ್ತಕ ಸಿದ್ಧಮಾಡಿ, ಅಲ್ಲಿನವರಿಗೆ ಫೋನ್ ಮಾಡಿ, ಕೈಯಲ್ಲಿ ಹೆಚ್ಚುವರಿ ಡಬ್ಬಿ ಕೊಟ್ಟು ಕಳಿಸಿ.

ಹೆರಿಗೆ ಸಹಜವಾಗಿಯೇ ಆಗಬಹುದು. ಎಚ್‌ಐವಿ ಎಂಬ ಕಾರಣಕ್ಕೇ ಸಿಸೇರಿಯನ್ ಬೇಡ. ಕೂಸಿಗೆ ನೆವಿರಪಿನ್ ಸಿರಪ್ ಆರು ವಾರ, ದಿನಕ್ಕೊಮ್ಮೆ. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ಸಿರಪ್ ಆದರೆ ಎರಡೂವರೆ ಕಿಲೋಗಿಂತ ಹೆಚ್ಚು ತೂಕದ ಕೂಸಿಗೆ 1.5 ಮಿಲಿ, ಎರಡರಿಂದ ಎರಡೂವರೆ ಕಿಲೋ ಇದ್ದರೆ 1 ಮಿಲಿ. ಅದಕ್ಕಿಂತ ಕಡಿಮೆಯಾದರೆ ತೂಕ ನೋಡಿ ಡಾಕ್ಟರು ಹೇಳುತ್ತಾರೆ. ತಾಯಿಯ ವೈರಲ್ ಲೋಡ್ ಮಿಲಿಲೀಟರಿಗೆ 1000ಕ್ಕಿಂತ ಹೆಚ್ಚಿದ್ದರೆ ಅಥವಾ ಪರೀಕ್ಷೆಯೇ ಆಗಿರದಿದ್ದರೆ ನೆವಿರಪಿನ್, ಜಿಡೊವುಡಿನ್ ಎರಡನ್ನೂ ಕೊಡುತ್ತಾರೆ, ಎದೆಹಾಲು ಕುಡಿಯುವ ಕೂಸಿಗೆ 12 ವಾರ. ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಔಷಧಿ ಹಾಕುವುದು ಎಲ್ಲವೂ ಅಜ್ಜಿಯ ಕೈಯಲ್ಲಿ. ವಿಷಯ ಗೊತ್ತಿಲ್ಲದ ಅಜ್ಜಿಗೂ ಸಿರಿಂಜಿನ ಗೀಟು ತೋರಿಸಿ ಅಳತೆ ಕಲಿಸಬಹುದು. ‘ಆಸ್ಪತ್ರೆಯವರು ದಿನಾ ಹಾಕಲು ಕೊಟ್ಟ ಔಷಧಿ’ ಎಂಬಷ್ಟು ಹೇಳಿದರೆ ಸಾಕು, ಅದು ನಿಜವೂ ಹೌದು.

ಹಾಲಿನ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಆರು ತಿಂಗಳು ಎದೆಹಾಲು ಮಾತ್ರ, ನಂತರ ಮೇಲಾಹಾರದ ಜೊತೆ ಒಂದು ವರ್ಷದವರೆಗೆ ಎದೆಹಾಲು ಎಂಬುದು ಸಲಹೆ. ಡಬ್ಬಿ ಹಾಲು ಆಯ್ದುಕೊಂಡರೆ ನಾಲ್ಕು ತಿಂಗಳ ಕೂಸಿಗೆ 400 ಗ್ರಾಂ ಡಬ್ಬಿ ಮೂರು ನಾಲ್ಕು ದಿನಕ್ಕೆ ಖಾಲಿ, ಜೊತೆಗೆ “ಯಾಕ ಹಾಲು ಕುಡಸಂಗಿಲ್ಲ?” ಎಂದು ಓಣಿಯೇ ಕೇಳುತ್ತದೆ. ಎದೆಹಾಲಾದರೆ ಬೇರೆ ತೊಡಕು: ಜೇನುತುಪ್ಪ, ಹರಳೆಣ್ಣೆ, ಬಜೆ ತೇಯ್ದ ರಸ, ಸಕ್ಕರೆ ನೀರು, ಕೆಲವು ಕಡೆ ಕತ್ತೆ ಹಾಲು. ಇವು ಎಳೆಯ ಕರುಳಿನ ಒಳಪದರವನ್ನು ಕೆರಳಿಸಿ ಸೋಂಕಿಗೆ ದಾರಿಮಾಡುತ್ತವೆ; ಎಚ್‌ಐವಿ ಇಲ್ಲದ ಮನೆಯಲ್ಲೂ ಇವು ಭೇದಿ ತರುತ್ತವೆ. ಆದ್ದರಿಂದ ಎಲ್ಲ ಅಜ್ಜಿಯರಿಗೂ ಹೇಳುವ ಮಾತನ್ನೇ ಇವರಿಗೂ ಹೇಳಿ, ಯಾರ ಹೆಸರೂ ಬೇಕಿಲ್ಲ. ಯಾರೋ ಒಂದು ಸಲ ಜೇನು ನೆಕ್ಕಿಸಿದರೆಂದು ಹೆದರಿ ಎದೆಹಾಲು ನಿಲ್ಲಿಸಬಾರದು; ತಾಯಿ ಗುಳಿಗೆ ನುಂಗುತ್ತಿದ್ದರೆ ಮುಂದುವರಿಸಬೇಕು. ಮೊಲೆ ತೊಟ್ಟು ಒಡೆದು ರಕ್ತ ಬಂದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಿಂದ ಕುಡಿಸಬೇಕು. ಆರನೇ ವಾರಕ್ಕೆ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ಮೊದಲ ಪರೀಕ್ಷೆ, ಅದೇ ದಿನದಿಂದ ಬೇರೆ ಸೋಂಕುಗಳನ್ನು ತಡೆಯುವ ಕೋಟ್ರೈಮಾಕ್ಸಜೋಲ್ ಔಷಧಿ. ಆಮೇಲೆ 6, 12, 18 ತಿಂಗಳಿಗೆ ಪರೀಕ್ಷೆ. ಹುಟ್ಟಿದಾಗ ಹಾಕುವ ಲಸಿಕೆಗಳ ನಂತರದ ಲಸಿಕೆಯ ದಿನವೂ ಆರನೇ ವಾರವೇ, ಮನೆಯಲ್ಲಿ ಹೇಳಲು ಅದಕ್ಕಿಂತ ಒಳ್ಳೆಯ ಕಾರಣ ಬೇಡ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡು

‘ಸೊಸೆಗೆ ಸೋಂಕು ಎಂದು ಮನೆಯಿಂದ ಹೊರಹಾಕುತ್ತೇವೆ ಎನ್ನುತ್ತಾರೆ. ಹೆತ್ತು ಬಾ, ಆಗ ನೋಡೋಣ ಎನ್ನುತ್ತಾರೆ.’

ಅದೇ 2017ರ ಕಾಯ್ದೆ ಸೋಂಕಿರುವ ಹೆಣ್ಣಿಗೆ ತಾನು ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕನ್ನು ಕೊಡುತ್ತದೆ, ಮಗು ಇರಲಿ ಇಲ್ಲದಿರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ, 181 ಸಹಾಯವಾಣಿ, ಎಚ್‌ಐವಿಗೆ 1097, ಈ ಮೂರನ್ನೂ ಅವಳಿಗೆ ಬಾಯಿಪಾಠ ಮಾಡಿಸಿ. ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಜಾಗ ಉಳಿಸಿಕೊಳ್ಳಲೆಂದೇ ಹೆರುವ ಸ್ಥಿತಿ ಬರಬಾರದು. ಜಾಗ ಖಾತ್ರಿಯಾದ ಮೇಲೆ ಮತ್ತೆ ಕೇಳಿ, ಉತ್ತರ ಬೇರೆಯಾಗಬಹುದು.

‘ಗಂಡ ತೀರಿಕೊಂಡಿದ್ದಾನೆ, ಇವಳು ಐದು ತಿಂಗಳ ಬಸುರಿ. ಅತ್ತೆಮನೆಯವರು ಮಗನ ಕುರುಹು, ಹೆರಲೇಬೇಕು ಎನ್ನುತ್ತಾರೆ. ತವರಿನವರು ತೆಗೆಸಿ ಎನ್ನುತ್ತಾರೆ. ಹೆರದಿದ್ದರೆ ಆಸ್ತಿ ಇಲ್ಲ ಎಂದೂ ಹೆದರಿಸಿದ್ದಾರೆ.’

ಮೊದಲು ಸ್ಕ್ಯಾನ್ ಮಾಡಿಸಿ ವಾರ ಎಷ್ಟೆಂದು ಖಚಿತಪಡಿಸಿಕೊಳ್ಳಿ. ‘ಐದು ತಿಂಗಳು’ ಎಂಬ ಮನೆಯ ಲೆಕ್ಕದಲ್ಲಿ ಎರಡು ಮೂರು ವಾರ ಹೆಚ್ಚು ಕಡಿಮೆ ಇರುತ್ತದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಸಾಧ್ಯ. ಬಸಿರಿರುವಾಗಲೇ ವಿಧವೆಯಾದವರಿಗೆ ಗರ್ಭಪಾತ ಕಾನೂನಿನ 2021ರ ತಿದ್ದುಪಡಿ 24 ವಾರದವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ ಕೊಟ್ಟಿದೆ. ಆಸ್ತಿಯ ಬೆದರಿಕೆ ಸುಳ್ಳು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ ಮೊದಲ ದರ್ಜೆಯ ವಾರಸುದಾರಳು. ಮಗು ಇದ್ದರೂ ಇಲ್ಲದಿದ್ದರೂ ಗಂಡನ ಪಾಲಿನಲ್ಲಿ ಅವಳ ಹಕ್ಕು ಇದೆ. ಹೊಟ್ಟೆಯಲ್ಲಿರುವ ಕೂಸು ಹುಟ್ಟಿದರೆ ಅದಕ್ಕೂ ಪಾಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ಈ ಮೂರನ್ನೂ ಎರಡು ಮನೆಯವರೂ ಇಲ್ಲದ ಹೊತ್ತಿನಲ್ಲಿ ಅವಳಿಗೆ ಹೇಳಿ, ಎರಡು ದಿನ ಬಿಟ್ಟು ಮತ್ತೆ ಕರೆಸಿ. 20ನೇ ವಾರಕ್ಕೋ 24ನೇ ವಾರಕ್ಕೋ ಹತ್ತಿರವಿದ್ದರೆ ಎರಡು ದಿನವೂ ಬೇಡ, ಮಾರನೆಯ ದಿನವೇ ಕರೆಸಿ. ಅವಳು ಯಾವ ಕಡೆ ತೀರ್ಮಾನಿಸಿದರೂ ಟಿಎಲ್‌ಡಿ ಡಬ್ಬಿ ಅವಳ ಕೈಯಲ್ಲಿದೆಯೇ ಎಂದು ಅವತ್ತೇ ನೋಡಿ. ಸಾವಿನ ಮನೆಯಲ್ಲಿ ಮೊದಲು ತಪ್ಪುವುದು ಗುಳಿಗೆಯೇ.